ಕಾಟನ್ ಬಟ್ಟೆಗೆ ಹಿತ್ಲಿನ ಬಣ್ಣ: ಯಾವ್ದು ನಿಲ್ತದೆ, ಯಾವ್ದು ಹೋಗ್ತದೆ?

ಬ್ರಹ್ಮಾವರದ ಹೊಲಿಗೆ

ಎಲ್ಲರಿಗೂ ನಮಸ್ಕಾರ. ನಾನು ಮತ್ತೆ ನನ್ನ ನಾದಿನಿ ಸೇರಿ ಬ್ರಹ್ಮಾವರದಲ್ಲಿ ಸಣ್ಣ ಮಟ್ಟಿಗೆ ಹೊಲಿಗೆ ಕೆಲಸ ಮಾಡ್ತೇವೆ. ಜಾಸ್ತಿ ಮಕ್ಕಳ ಬಟ್ಟೆ, ತೊಟ್ಟಿಲಿಗೆ ಹಾಕುವಾಗ ಕೊಡುವಂಥ ಜುಬ್ಬ, ಹೊದಿಕೆ, ಮತ್ತೆ ದೊಡ್ಡವರಿಗೆ ದುಪಟ್ಟಾ ಸ್ಟೋಲ್ ಎಲ್ಲ. ಇಷ್ಟರವರೆಗೆ ಬಣ್ಣದ ಬಟ್ಟೆಯೇ ತಂದು ಹೊಲಿತಿದ್ದದ್ದು, ಈಗ ಬಿಳಿ ಕೈಮಗ್ಗದ ಕಾಟನ್ ತಗೊಂಡು ನಾವೇ ಗಿಡದ ಬಣ್ಣ ಹಾಕುವ ಅಂತ ಉಂಟು. ಗಿರಾಕಿಗಳು ಸಹ ಕೇಳ್ತಾರೆ, ಅದ್ರಲ್ಲಿಯೂ ಬಾಣಂತಿಯರ ಮನೆಯವರು, ಮಗುವಿನ ಮೈಗೆ ಕೆಮಿಕಲ್ ಬೇಡ ಅಂತ.

ವಿಡಿಯೋ ತುಂಬ ನೋಡಿದೆ, ಆದ್ರೆ ಹೆಚ್ಚಿನವರು ಬಣ್ಣದ ನೀರಿಂದ ಬಟ್ಟೆ ಎತ್ತಿ ತೋರಿಸುವಲ್ಲಿಗೆ ನಿಲ್ಲಿಸ್ತಾರೆ, ಅದು ಆಮೇಲೆ ಎಷ್ಟು ಸಲ ಒಗೆದ ಮೇಲೆ ಹೇಗೆ ಉಂಟು ಅಂತ ಯಾರೂ ತೋರಿಸುದಿಲ್ಲ. ನನಗೆ ಬೇಕಾದ್ದು ಅದೇ. ದುಡ್ಡು ಕೊಟ್ಟು ತಗೊಂಡವರ ಮನೆಯಲ್ಲಿ ಬಣ್ಣ ಹೋದ್ರೆ ಮತ್ತೆ ಅವರು ಬರುದಿಲ್ಲ.

ನಮ್ಮ ಹಿತ್ಲಲ್ಲಿ ಮತ್ತೆ ಆಚೆಈಚೆ ಮನೆಯಲ್ಲಿ ಸಿಗುವುದು ಹೇಳ್ತೇನೆ: ಪುನರ್ಪುಳಿ ರಾಶಿ ಉಂಟು, ಬಸಳೆ ಚಪ್ಪರದಲ್ಲಿ ಹಣ್ಣು ಯಾವಾಗಲೂ, ಅರಿಶಿನ, ದಾಸವಾಳ, ಸಾಗುವಾನಿ ಎಲೆ, ಗೊಂಡೆ ಹೂ, ಅಡಿಕೆ, ಹಲಸು, ಗೇರುಬೀಜ. ಮನೆ ಹತ್ರವೇ ಒಬ್ರು ಬಡಗಿ ಇದ್ದಾರೆ. ಇದ್ರಲ್ಲಿ ಯಾವುದು ಕಾಟನ್ ಮೇಲೆ ನಿಲ್ತದೆ? ಪುನರ್ಪುಳಿಯ ಕೆಂಪು ಅಷ್ಟು ಚಂದ ಉಂಟಲ್ಲ, ಅದನ್ನೇ ಮಕ್ಕಳ ಬಟ್ಟೆಗೆ ಹಾಕುವ ಅಂತ ಆಸೆ.

ಮತ್ತೆರಡು ಸಂಶಯ. ಒಂದು, ನಮ್ಮ ಬಾವಿ ಮುರಕಲ್ಲಿನದ್ದು, ಬಕೆಟಲ್ಲಿ ನೀರು ಇಟ್ರೆ ಮರುದಿನ ಅಡಿಯಲ್ಲಿ ಸ್ವಲ್ಪ ಕೆಂಪು ಕೂತಿರ್ತದೆ, ಅದ್ರಲ್ಲಿ ಬಣ್ಣ ಹಾಕಬಹುದಾ? ಎರಡು, ಬಣ್ಣ ಗಟ್ಟಿ ಆಗ್ಲಿಕ್ಕೆ ಮೈಲುತುತ್ತು ಹಾಕಿ ಅಂತ ಒಂದು ಕಡೆ ಓದಿದೆ, ಅದು ಮನೆಯಲ್ಲಿ ಉಂಟು, ಮಾವ ಅಡಿಕೆಗೆ ಮದ್ದು ಬಿಡ್ಲಿಕ್ಕೆ ತಂದಿಟ್ಟದ್ದು. ಮಕ್ಕಳ ಬಟ್ಟೆಗೆ ಅದು ಆದೀತಾ? ತಿಳಿದವರು ಸ್ವಲ್ಪ ವಿವರವಾಗಿ ಹೇಳಿ.

ಕಿನ್ನಿಗೋಳಿ ಲಾಳಿ

ಅಕ್ಕ, ಒಗೆದ ಮೇಲೆ ಹೇಗೆ ಅಂತ ಮೊದಲೇ ಕೇಳಿದ್ರಲ್ಲ, ಅದಕ್ಕೇ ಉದ್ದಕ್ಕೆ ಬರಿತೇನೆ.

ಮೊದಲು ನಿಮ್ಮ ಪಟ್ಟಿಯಿಂದ ಕೆಲವನ್ನು ತೆಗೆದು ಹಾಕುವ. ಪುನರ್ಪುಳಿ, ದಾಸವಾಳ, ಬಸಳೆ ಹಣ್ಣು, ಬೀಟ್ರೂಟ್, ಇದು ಯಾವುದೂ ಬಟ್ಟೆಗೆ ಆಗುದಿಲ್ಲ. ಅಂಗಿಗೆ ಬಿದ್ರೆ ಕಲೆ ಆಗ್ತದೆ ನಿಜ, ಅದಕ್ಕೇ ಎಲ್ಲರಿಗೂ ಆಸೆ ಹುಟ್ಟುದು, ಆದ್ರೆ ಕಲೆ ಬೇರೆ ಬಣ್ಣ ಬೇರೆ. ಪುನರ್ಪುಳಿಯಲ್ಲಿ ಇರುವುದು ಆಂಥೋಸಯಾನಿನ್, ಅದು ಹುಳಿ ಇರುವಷ್ಟು ಹೊತ್ತು ಕೆಂಪು, ಸೋಪಿನ ನೀರು ತಾಗಿದ ಕೂಡ್ಲೇ ನೀಲಿ ಬೂದಿ ಎಂತೆಂತದೋ ಆಗ್ತದೆ, ನೂಲಿಗೆ ಅಂಟಿಕೊಳ್ಳುವ ಶಕ್ತಿಯೂ ಕಮ್ಮಿ, ಬಿಸಿಲಿಗಂತೂ ತಡಿಯುದೇ ಇಲ್ಲ. ಬಸಳೆ ಹಣ್ಣು ಬೀಟ್ರೂಟ್‌ನದ್ದು ಬೀಟಾಲೈನ್ ಅಂತ ಬೇರೆ ಜಾತಿ, ಅದು ಬಿಸಿ ಮಾಡಿದ್ರೇ ಹಾಳಾಗ್ತದೆ. ಉಪ್ಪು ಹಾಕಿ ವಿನೆಗರ್ ಹಾಕಿ ಅಂತ ವಿಡಿಯೋದಲ್ಲಿ ಹೇಳ್ತಾರಲ್ಲ, ಅದ್ರಿಂದ ಇವು ಗಟ್ಟಿ ಆಗುದಿಲ್ಲ. ಪುನರ್ಪುಳಿ ಶರಬತ್ತಿಗೇ ಇರ್ಲಿ.

ಅರಿಶಿನ ನೋಡ್ಲಿಕ್ಕೆ ಭಾರೀ ಚಂದ ಹಿಡಿತದೆ, ಬಿಸಿಲಿಗೆ ಅಷ್ಟೇ ಬೇಗ ಹೋಗ್ತದೆ. ಸೋಪು ತಾಗಿದ್ರೆ ಕೆಂಪಾಗುದು ನಿಮಗೆ ಗೊತ್ತೇ ಉಂಟು, ಸುಣ್ಣ ಹಾಕಿ ಓಕುಳಿ ಮಾಡುದು ಅದೇ ಗುಣದಿಂದ. ಮಾರುವ ಬಟ್ಟೆಗೆ ಬೇಡ. ಸಾಗುವಾನಿ ಎಲೆ ಬೇಕಾದ್ರೆ ನೋಡಿ, ಹಲಸಿನ ಹಣ್ಣಿನ ಗಟ್ಟಿ ಅದ್ರಲ್ಲಿ ಬೇಯಿಸಿದ್ರೆ ನೇರಳೆ ಆಗ್ತದಲ್ಲ, ಎಳೆ ಎಲೆಯಲ್ಲಿ ಬಣ್ಣ ಉಂಟು, ಆದ್ರೆ ಎಲೆಯ ಪ್ರಾಯದ ಮೇಲೆ ಪ್ರತಿ ಸಲ ಬೇರೆ ಬೇರೆ ಬರ್ತದೆ, ಆರ್ಡರ್‌ಗೆ ಒಂದೇ ತರ ಕೊಡ್ಲಿಕ್ಕೆ ಕಷ್ಟ.

ಇನ್ನು ನಿಲ್ಲುವುದು. ನಿಮ್ಮ ಹತ್ರ ಬಡಗಿ ಇದ್ದಾರೆ ಅಂತ ಓದುವಾಗ ನನಗೆ ಖುಷಿ ಆಯ್ತು, ಯಾಕಂದ್ರೆ ಹಲಸಿನ ಮರದ ಹುಡಿ ನಮ್ಮ ಊರಿನ ಒಳ್ಳೆಯ ಹಳದಿ. ಮರದ ತಿರುಳು ಹಳದಿ ಇರ್ತದಲ್ಲ, ಅದ್ರದ್ದು, ಹೊರಗಿನ ಬಿಳಿ ಭಾಗದ್ದಲ್ಲ. ಬರ್ಮಾ ಥಾಯ್ಲೆಂಡಲ್ಲಿ ಬೌದ್ಧ ಭಿಕ್ಷುಗಳ ಚೀವರಕ್ಕೆ ಹಿಂದಿನಿಂದ ಇದೇ ಬಣ್ಣ. ಮದ್ದಳೆ ಮಾಡುವವರ ಹತ್ರ, ಬಾಗಿಲು ದಾರಂದ ಮಾಡುವಲ್ಲಿ ಕೇಳಿದ್ರೆ ಗೋಣಿಯಲ್ಲಿ ತುಂಬಿಸಿ ಕೊಡ್ತಾರೆ. ಬೇರೆ ಮರದ ಹುಡಿ ಸೇರಿದ್ದು ಬೇಡ. ಆಮೇಲೆ ದಾಳಿಂಬೆ ಸಿಪ್ಪೆ, ಜ್ಯೂಸ್ ಅಂಗಡಿಯವರು ಬಿಸಾಡುದು, ಒಣಗಿಸಿ ಇಟ್ಕೊಳ್ಳಿ. ಗೊಂಡೆ ಹೂವೂ ಆಗ್ತದೆ, ದೇವಸ್ಥಾನದಲ್ಲಿ ಕೇಳಿ ನೋಡಿ. ಇದ್ರಲ್ಲೆಲ್ಲ ನನಗೆ ಭರವಸೆ ಜಾಸ್ತಿ ಹಲಸು ಮತ್ತೆ ದಾಳಿಂಬೆ ಮೇಲೆ.

ಗೇರುಬೀಜದಲ್ಲಿ ಒಂದು ಎಚ್ಚರಿಕೆ. ಬೊಂಡಿನ ಮೇಲೆ, ಅಂದ್ರೆ ನಾವು ತಿನ್ನುವ ಒಳಗಿನ ತಿರುಳಿನ ಮೇಲೆ ಇರುವ ತೆಳು ಕೆಂಪು ಸಿಪ್ಪೆ, ಫ್ಯಾಕ್ಟರಿಯಲ್ಲಿ ತೆಗೆದು ರಾಶಿ ಹಾಕ್ತಾರಲ್ಲ, ಅದು ಮಾತ್ರ ಬಣ್ಣಕ್ಕೆ, ಅದ್ರಲ್ಲಿ ಒಗರು, ಅಂದ್ರೆ ಟ್ಯಾನಿನ್, ತುಂಬ ಉಂಟು, ಒಳ್ಳೆ ಕಂದು ಬರ್ತದೆ. ಹೊರಗಿನ ದಪ್ಪ ಚಿಪ್ಪು ಬೇಡವೇ ಬೇಡ, ಅದ್ರ ಎಣ್ಣೆ ಕೈಗೆ ತಾಗಿದ್ರೆ ಚರ್ಮ ಸುಟ್ಟು ಹೋಗ್ತದೆ, ಮಕ್ಕಳ ಬಟ್ಟೆ ಹತ್ರ ತರ್ಲೇಬಾರದು.

ಈಗ ಮುಖ್ಯ ವಿಷಯ. ಗಿಡ ಯಾವುದಾದ್ರೂ ಇರ್ಲಿ, ಬಟ್ಟೆಯನ್ನು ಮೊದಲು ತಯಾರು ಮಾಡದೆ ಹಾಕಿದ್ರೆ ಬಣ್ಣ ನಿಲ್ಲುದಿಲ್ಲ. ಕೆಲಸದಲ್ಲಿ ಮುಕ್ಕಾಲು ಪಾಲು ಅಲ್ಲೇ ಇರುದು, ಬಣ್ಣದ ಪಾತ್ರೆಯಲ್ಲಿ ಮುಳುಗಿಸುದು ಕೊನೆಯ ಸಣ್ಣ ಕೆಲಸ. ಕೈಮಗ್ಗದ ಬಟ್ಟೆಗೆ ಗಂಜಿ ಇರ್ತದೆ, ಹಾಸಿನ ನೂಲಿಗೆ ಗಂಜಿ ಹಾಕದೆ ನೇಯ್ಲಿಕ್ಕೇ ಆಗುದಿಲ್ಲ, ಆ ಗಂಜಿ ಹೋಗ್ಬೇಕು, ಹತ್ತಿಯಲ್ಲಿ ಹುಟ್ಟಿನಿಂದ ಇರುವ ಮೇಣವೂ ಹೋಗ್ಬೇಕು. ಒಂದು ರಾತ್ರಿ ಬರೀ ನೀರಲ್ಲಿ ನೆನೆಸಿಡಿ, ಮರುದಿನ ಆ ನೀರು ಚೆಲ್ಲಿ ಹೊಸ ನೀರಿಗೆ ವಾಷಿಂಗ್ ಸೋಡ ಮತ್ತೆ ಸ್ವಲ್ಪ ಸಾದಾ ಸೋಪು ಹಾಕಿ ಒಂದು ಗಂಟೆಗೆ ಕಮ್ಮಿ ಇಲ್ಲದೆ ಕುದಿಸಿ, ಸೋಡ ಒಂದು ಕೆಜಿ ಬಟ್ಟೆಗೆ 20 ಗ್ರಾಂ ಸಾಕು. ಬಿಳಿ ಬಟ್ಟೆಯಿಂದ ಚಹಾದ ಬಣ್ಣದ ನೀರು ಬಿಡ್ತದೆ, ನೋಡಿದ್ರೆ ನಿಮಗೇ ಆಶ್ಚರ್ಯ ಆಗ್ತದೆ. ತೊಳೆದ ಮೇಲೆ ಒಂದು ಹನಿ ನೀರು ಬಟ್ಟೆಗೆ ಬಿಟ್ಟು ನೋಡಿ, ಕೂಡ್ಲೇ ಹೀರಿಕೊಂಡ್ರೆ ಆಯ್ತು, ಹನಿ ಮೇಲೆಯೇ ನಿಂತ್ರೆ ಇನ್ನೊಮ್ಮೆ ಕುದಿಸ್ಬೇಕು.

ಆಮೇಲೆ ಅಳಲೆಕಾಯಿ. ರೇಷ್ಮೆ ಉಣ್ಣೆ ಆದ್ರೆ ಪಟಿಕ ಸೀದಾ ಹಿಡಿತದೆ, ಹತ್ತಿ ಹಾಗಲ್ಲ, ಅದಕ್ಕೆ ಮೊದಲು ಅಳಲೆಯ ಒಗರು ಕುಡಿಸ್ಬೇಕು, ಒಗರು ಪಟಿಕವನ್ನು ಹಿಡಿತದೆ, ಪಟಿಕ ಬಣ್ಣವನ್ನು ಹಿಡಿತದೆ. ಎಲ್ಲ ಅಳತೆ ಒಣ ಬಟ್ಟೆಯ ತೂಕದ ಮೇಲೆ. ಬಟ್ಟೆ 200 ಗ್ರಾಂ ಇದ್ರೆ ಅಳಲೆ ಹುಡಿ 40 ಗ್ರಾಂ, ಪಟಿಕ 30 ಗ್ರಾಂ. ಅಳಲೆ ಹುಡಿ ಬಿಸಿ ನೀರಲ್ಲಿ ನೆನೆಸಿ ಸೋಸಿ, ಬಟ್ಟೆ ಅದ್ರಲ್ಲಿ ಒಂದೆರಡು ಗಂಟೆ ಇರ್ಲಿ, ಹಿಂಡಿ ತೊಳೆಯದೆ ನೆರಳಲ್ಲಿ ಒಣಗಿಸಿ. ಬಟ್ಟೆ ತಿಳಿ ಹಳದಿ ಆಗ್ತದೆ, ಅದಕ್ಕೆ ಹೆದರ್ಬೇಡಿ. ಆ ಹಳದಿ ಬೇಡ, ತಿಳಿ ಗುಲಾಬಿ ಎಲ್ಲ ಬೇಕು ಅಂತಾದ್ರೆ ಅಳಲೆ ಬದಲು ಮಾಚಿಕಾಯಿ, ಮಗುವಿಗೆ ತೇದು ನೆಕ್ಕಿಸುದು ಅದೇ. ಎರಡೂ ಗ್ರಂಧಿಗೆ ಅಂಗಡಿಯಲ್ಲಿ ಸಿಗ್ತದೆ.

ಪಟಿಕ ಬಿಸಿ ನೀರಲ್ಲಿ ಕರಗಿಸಿ, ಬೇರೆ ಲೋಟದಲ್ಲಿ 4 ಗ್ರಾಂ ವಾಷಿಂಗ್ ಸೋಡ ಕರಗಿಸಿ, ಎರಡನ್ನೂ ನಿಧಾನಕ್ಕೆ ಸೇರಿಸಿ, ನೊರೆ ಉಕ್ಕಿ ಬರ್ತದೆ, ದೊಡ್ಡ ಪಾತ್ರೆ ಇಟ್ಕೊಳ್ಳಿ. ನೊರೆ ಇಳಿದ ಮೇಲೆ ಉಗುರು ಬೆಚ್ಚಗಿನ ನೀರು ಸೇರಿಸಿ ಬಟ್ಟೆ ಹಾಕಿ, ರಾತ್ರಿ ಇಡೀ ಇರ್ಲಿ, ಆಗಾಗ ತಿರುಗಿಸಿ ಇಲ್ಲದಿದ್ರೆ ಮಡಿಕೆಯಲ್ಲಿ ಪಟ್ಟೆ ಪಟ್ಟೆ ಆಗ್ತದೆ. ಮರುದಿನ ಹಗುರಕ್ಕೆ ತೊಳೆದು ಬಣ್ಣಕ್ಕೆ. ಹಲಸಿನ ಹುಡಿ ಬಟ್ಟೆಯಷ್ಟೇ ತೂಕ ತಗೊಳ್ಳಿ, ಹಿಂದಿನ ರಾತ್ರಿಯೇ ನೆನೆಸಿ, ಕುದಿಸಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ಆ ನೀರಲ್ಲಿ ಬಟ್ಟೆಯನ್ನು ಕುದಿ ಬರದ ಹಾಗೆ ಒಂದು ಗಂಟೆ ಬಿಸಿಯಲ್ಲಿ ಇಟ್ಟು, ಅದ್ರಲ್ಲೇ ತಣಿಯಲಿಕ್ಕೆ ಬಿಡಿ.

ಪಾತ್ರೆ ಸ್ಟೀಲಿಂದೇ ಆಗ್ಬೇಕು, ಕಬ್ಬಿಣ ಅಲ್ಯೂಮಿನಿಯಂ ಎರಡೂ ಬಣ್ಣ ಬದಲಿಸ್ತದೆ. ಅಡಿಗೆಯ ಪಾತ್ರೆ ಬೇಡ, ಇದಕ್ಕೇ ಅಂತ ಬೇರೆ ಇಡಿ.

ನೀರಿನ ವಿಷಯ: ನಿಮ್ಮ ಬಾವಿಯಲ್ಲಿ ಕಬ್ಬಿಣದ ಅಂಶ ಉಂಟು ಅಂತ ಕಾಣ್ತದೆ. ಅಳಲೆ ಕಷಾಯ ಒಂದು ಗ್ಲಾಸಿಗೆ ಸ್ವಲ್ಪ ಹಾಕಿ ಅದಕ್ಕೆ ಬಾವಿ ನೀರು ಹೊಯ್ದು ನೋಡಿ, ಕಪ್ಪು ಬೂದಿ ಬಣ್ಣಕ್ಕೆ ತಿರುಗಿದ್ರೆ ಕಬ್ಬಿಣ ಜಾಸ್ತಿ, ಆ ನೀರಲ್ಲಿ ಹಳದಿ ಎಲ್ಲ ಕೆಸರು ಕೆಸರು ಆಗ್ತದೆ. ಮಳೆನೀರು ಹಿಡಿದಿಡಿ ಅಕ್ಕ, ನಮ್ಮಲ್ಲಿ ಬೀಳುವಷ್ಟು ಮಳೆ ಬೇರೆಯವರಿಗೆ ಎಲ್ಲಿ ಉಂಟು. ಒಂದು ಮಳೆ ಬಿದ್ದು ಮಾಡು ತೊಳೆದು ಹೋದ ಮೇಲೆ ಹಿಡಿದದ್ದು ಬಣ್ಣಕ್ಕೆ ಬಾವಿ ನೀರಿಗಿಂತ ಒಳ್ಳೆದು.

ಭೀಮನಕೋಣೆ ಹತ್ರದವ

ಕಿನ್ನಿಗೋಳಿಯವರು ಹೇಳಿದ್ದಕ್ಕೆ ಅಡಿಕೆ ವಿಷಯ ಸೇರಿಸ್ತೀನಿ. ನಾನು ಸಾಗರ ಕಡೆಯವನು, ಈಗ ಕೆಲಸಕ್ಕೆ ಮಣಿಪಾಲದಲ್ಲಿದ್ದೀನಿ.

ನಮ್ಮ ಕಡೆ ಅಡಿಕೆ ಬಣ್ಣ ಅಂದ್ರೆ ಚೊಗರು. ಹಸಿ ಎಳೆ ಅಡಿಕೆ ಸುಲಿದು ಬೇಯಿಸ್ತಾರಲ್ಲ, ಅದೇ ನೀರಲ್ಲಿ ಮತ್ತೆ ಮತ್ತೆ ಬೇಯಿಸಿ ಕೊನೆಗೆ ಉಳಿಯೋ ಮಂದ ಕೆಂಪು ರಸ ಅದು. ನಿಮ್ಮ ಕಡೆ ಎಲ್ಲಾ ಚಾಲಿ, ಹಣ್ಣಡಿಕೆ ಅಂಗಳದಲ್ಲಿ ಒಣಗಿಸೋದು, ಹಾಗಾಗಿ ಬ್ರಹ್ಮಾವರದಲ್ಲಿ ಚೊಗರು ಹುಡುಕಿದ್ರೆ ಸಿಗೋದು ಕಷ್ಟ. ತೀರ್ಥಹಳ್ಳಿ ಕೊಪ್ಪ ಸಾಗರ ಈ ಕಡೆ ಕೊಯ್ಲಿನ ಟೈಮಲ್ಲಿ ಪರಿಚಯದವರಿಗೆ ಹೇಳಿಟ್ರೆ ಆಗ್ಬೋದು. ಒಂದು ಮಾತ್ರ ನೋಡ್ಕೊಳ್ಳಿ, ಅಡಿಕೆಗೆ ಕೆಂಪು ಬರ್ಲಿ ಅಂತ ಚೊಗರಿಗೆ ಬೇರೆ ಬಣ್ಣ ಬೆರೆಸೋರೂ ಇದ್ದಾರೆ, ಗೊತ್ತಿರೋ ಮನೆಯಿಂದಲೇ ತಗೊಳ್ಳಿ.

ಚೊಗರಲ್ಲಿ ಒಗರಿನ ಅಂಶವೇ ಮುಖ್ಯ ಆದ್ರಿಂದ ಹತ್ತಿ ಅದನ್ನು ಚೆನ್ನಾಗಿ ಹಿಡಿಯುತ್ತೆ, ಪಟಿಕದ ಜೊತೆ ಇಟ್ಟಿಗೆಗೆಂಪು ಕಂದು, ಸುಣ್ಣದ ತಿಳಿನೀರಲ್ಲಿ ಆಮೇಲೆ ಅದ್ದಿದ್ರೆ ಇನ್ನೂ ಕೆಂಪಿಗೆ ಹೋಗುತ್ತೆ, ಕಬ್ಬಿಣ ತಾಗಿಸಿದ್ರೆ ಕಪ್ಪುಗಂದು. ಬೇರೆ ಬಣ್ಣ ಬಿಸಿಲಿಗೆ ತಿಳಿಯಾದ್ರೆ ಇದು ಗಾಳಿಗೆ ಬೆಳಕಿಗೆ ಇನ್ನೂ ಗಾಢ ಆಗ್ತಾ ಹೋಗುತ್ತೆ, ಗಿರಾಕಿಗಳಿಗೆ ಮೊದಲೇ ಹೇಳಿಬಿಡಿ. ಹೆಗ್ಗೋಡಿನ ಚರಕ ಸಂಸ್ಥೆಯವರು ವರ್ಷಾನುಗಟ್ಟಲೆಯಿಂದ ಕೈಮಗ್ಗದ ಬಟ್ಟೆಗೆ ಇಂಥ ನೈಸರ್ಗಿಕ ಬಣ್ಣಗಳನ್ನೇ ಹಾಕ್ತಾ ಬಂದಿದ್ದಾರೆ, ನಮ್ಮೂರ ಹೆಣ್ಣುಮಕ್ಕಳೇ ಅಲ್ಲಿ ಕೆಲಸ ಮಾಡೋದು. ಒಮ್ಮೆ ಬಂದು ನೋಡಿ ಅಕ್ಕ, ಬ್ರಹ್ಮಾವರದಿಂದ ಘಾಟಿ ಹತ್ತಿದ್ರೆ ಅದೇನು ದೂರ ಅಲ್ಲ. ದೊಡ್ಡ ಪ್ರಮಾಣದಲ್ಲಿ ಹಂಡೆ ಇಟ್ಟು ಲಡಿ ಲಡಿ ನೂಲಿಗೆ ಬಣ್ಣ ಹಾಕೋದು ಕಣ್ಣಾರೆ ನೋಡಿದ್ರೆ ಹತ್ತು ವಿಡಿಯೋಗಿಂತ ಜಾಸ್ತಿ ತಿಳಿಯುತ್ತೆ.

ಇನ್ನೊಂದು, ಬಟ್ಟೆ ನೇಯ್ದ ಮೇಲೆ ಬಣ್ಣ ಹಾಕೋದಕ್ಕಿಂತ ನೂಲಿಗೆ ಹಾಕಿದ್ರೆ ಬಣ್ಣ ಒಳಗೆ ತನಕ ಹೋಗುತ್ತೆ. ನೀವು ಹೊಲಿಯೋರು, ನಿಮಗೆ ಬಟ್ಟೆಯೇ ಅನುಕೂಲ, ಆದ್ರೆ ಮುಂದೆ ಮಗ್ಗದವರ ಜೊತೆ ಮಾತಾಡಿ ನೂಲಿಗೇ ಹಾಕಿಸಿದ್ರೆ ಚೌಕುಳಿ ಪಟ್ಟೆ ಎಲ್ಲ ಮಾಡಿಸ್ಬೋದು.

ಬ್ರಹ್ಮಾವರದ ಹೊಲಿಗೆ

ಇಷ್ಟು ವಿವರ ಯಾವ ವಿಡಿಯೋದಲ್ಲಿಯೂ ಸಿಕ್ಕಿರ್ಲಿಲ್ಲ, ಇಬ್ಬರಿಗೂ ತುಂಬ ಉಪಕಾರ ಆಯ್ತು. ಬಾವಿ ನೀರಿಗೆ ಅಳಲೆ ಕಷಾಯ ಈಗಷ್ಟೇ ಹಾಕಿ ನೋಡಿದೆ, ಹೌದು, ಒಂದೇ ಕ್ಷಣದಲ್ಲಿ ಶಾಯಿ ತರ ಆಯ್ತು. ಬಡಗಿ ಅಣ್ಣನಿಗೆ ಹಲಸಿನ ತಿರುಳಿನ ಹುಡಿ ಬೇರೆ ಇಡ್ಲಿಕ್ಕೆ ಹೇಳಿಯೂ ಆಯ್ತು.

ಹಾಗಾದ್ರೆ ಹಳದಿ ಆಯ್ತು, ಕಂದು ಆಯ್ತು. ಮಕ್ಕಳ ಬಟ್ಟೆಗೆ ನೀಲಿ, ಹಸುರು, ಗುಲಾಬಿ ಬೇಕಲ್ಲ? ಹಸುರಿಗೆ ಎಲೆ ಅರೆದು ಹಾಕಿದ್ರೆ ಆಗುದಿಲ್ವಾ, ಬಸಳೆ ಎಲೆ ಹರಿವೆ ಎಲ್ಲ? ಮೈಲುತುತ್ತಿಂದು ಯಾರೂ ಹೇಳ್ಲಿಲ್ಲ.

ಅಡಿಕೆ ತೋಟ ವಿಟ್ಲ

ಮೈಲುತುತ್ತು ನಾನು ಹೇಳ್ತೇನೆ, ಪ್ರತಿ ಮಳೆಗಾಲ ಕೊಳೆರೋಗಕ್ಕೆ ಬೋರ್ಡೋ ಬಿಡುವವ. ಬೇಡ. ಅದು ತಾಮ್ರ. ಬಣ್ಣವನ್ನು ಗಟ್ಟಿ ಮಾಡ್ತದೆ ಅನ್ನುದು ಸುಳ್ಳಲ್ಲ, ಹಳದಿಯನ್ನು ಸ್ವಲ್ಪ ಹಸುರಿಗೆ ತಿರುಗಿಸ್ತದೆ ಸಹ, ಆದ್ರೆ ಬಟ್ಟೆ ಎಲ್ಲವನ್ನೂ ಹೀರಿಕೊಳ್ಳುದಿಲ್ಲ, ಉಳಿದ ನೀರು ಎಲ್ಲಿಗೆ ಚೆಲ್ತೀರಿ? ತೋಡಿಗೆ ಹೋದ್ರೆ ಮೀನು ಸಾಯ್ತದೆ, ಬಾವಿ ಬದಿಯಲ್ಲಿ ಚೆಲ್ಲಿದ್ರೆ ನೀವೇ ಕುಡಿಬೇಕು. ಎಳೆ ಮಗು ಬಟ್ಟೆ ಬಾಯಿಗೆ ಹಾಕದೆ ಇರ್ತದಾ? ಗಿಡದ ಬಣ್ಣ ಅಂತ ಹೇಳಿ ಮಾರುವ ಬಟ್ಟೆಗೆ ತಾಮ್ರ ಕುಡಿಸಿದ್ರೆ ತಗೊಂಡವರಿಗೆ ಅದು ಮೋಸವೇ. ಕೆಲವು ಕಡೆ ಕ್ರೋಮ್ ಹಾಕ್ಲಿಕ್ಕೂ ಹೇಳ್ತಾರೆ, ಅದು ಇನ್ನೂ ಅಪಾಯ, ಹತ್ರವೇ ಸೇರಿಸ್ಬೇಡಿ.

ಬೂದು ಕಪ್ಪು ಬೇಕಾದ್ರೆ ಅನ್ನಭೇದಿ ಉಂಟು, ಕಬ್ಬಿಣದ್ದು, ಬಟ್ಟೆ ತೂಕದ ನೂರಕ್ಕೆ ಎರಡರಷ್ಟು ಸಾಕು. ಜಾಸ್ತಿ ಆದ್ರೆ ಹತ್ತಿ ನೂಲು ಬೇಗ ಕುಂಬಾಗಿ ಹರಿತದೆ. ಅನ್ನಭೇದಿ ಪ್ಯಾಕೆಟ್ ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ತಿಂದ್ರೆ ಅದು ವಿಷ. ಪಟಿಕದ ನೀರು ತೆಳು ಮಾಡಿ ತೆಂಗಿನ ಬುಡಕ್ಕೆ ಹಾಕಬಹುದು, ಆದ್ರೆ ಒಂದೇ ಬುಡಕ್ಕೆ ದಿನಾ ಬೇಡ, ಮಣ್ಣು ಹುಳಿ ಆಗ್ತದೆ.

ಮತ್ತೆ ನೀವು ಕೇಳದೇ ಇದ್ರೂ ಹೇಳ್ತೇನೆ, ಅಳಿವೆಯ ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ತೊಗಟೆಯಲ್ಲಿ ಒಳ್ಳೆ ಕಂದುಗೆಂಪು ಬಣ್ಣ ಉಂಟು ಅಂತ ಯಾರಾದ್ರೂ ನಿಮಗೆ ಖಂಡಿತ ಹೇಳ್ತಾರೆ, ನೈಲಾನ್ ಬಲೆ ಬರುವ ಮೊದಲು ಹತ್ತಿ ಬಲೆ ಕೊಳೆಯದ ಹಾಗೆ ಅಂಥ ಒಗರು ತೊಗಟೆಯ ನೀರಲ್ಲಿ ಅದ್ದುವ ಕ್ರಮ ಕಡಲ ಬದಿಯಲ್ಲಿ ಇತ್ತು. ಈಗ ಸೀತಾನದಿ ಸ್ವರ್ಣಾ ಅಳಿವೆಯಲ್ಲಿ ಉಳಿದ ಕಾಂಡ್ಲಾವನ್ನು ಮುಟ್ಬೇಡಿ. ಮೀನು ಮರಿ ಮಾಡುದು ಅದ್ರ ಬುಡದಲ್ಲಿ. ತೊಗಟೆ ಸುಲಿದ್ರೆ ಮರ ಸಾಯ್ತದೆ, ಗೇರು ಸಿಪ್ಪೆಯಲ್ಲಿ ಅದೇ ತರದ ಕಂದು ಬರುವಾಗ ಅದು ಬೇಕಾಗಿಯೇ ಇಲ್ಲ.

ನೀಲಿ ಹಂಡೆ, ಮಂಗ್ಳೂರು

ಹಸುರಿಂದು ಮೊದಲು: ಎಲೆಯ ಹಸುರು ಬಟ್ಟೆಗೆ ನಿಲ್ಲುದಿಲ್ಲ ಅಕ್ಕ, ಯಾವ ಎಲೆಯೂ ಸಹ. ಬಿಸಿಲಿಗೆ ಇಟ್ರೆ ಒಣಹುಲ್ಲಿನ ಬಣ್ಣಕ್ಕೆ ಬರ್ತದೆ. ಗಿಡದ ಬಣ್ಣದಲ್ಲಿ ಗಟ್ಟಿ ಹಸುರು ಬೇಕಾದ್ರೆ ನೀಲಿ ಹಾಕಿ ಅದ್ರ ಮೇಲೆ ಹಳದಿ ಹಾಕುದೇ ದಾರಿ, ಹಿಂದಿನಿಂದಲೂ ಎಲ್ಲ ಕಡೆ ಹಾಗೆಯೇ. ನಿಮ್ಮ ಹಲಸಿನ ಹಳದಿ ಅದಕ್ಕೆ ಸರಿಯಾಗಿ ಹೊಂದ್ತದೆ.

ನೀಲಿ ಅಂದ್ರೆ ನೀಲಿ ಗಿಡದ ನೀಲಿ ಒಂದೇ, ಶಂಖಪುಷ್ಪ ಅಲ್ಲ, ಅದು ಪುನರ್ಪುಳಿಯ ಜಾತಿಯದ್ದೇ, ತೊಳೆದ್ರೆ ಹೋಗ್ತದೆ. ನಮ್ಮ ಕರಾವಳಿಯಲ್ಲಿ ನೀಲಿ ಬೆಳೆ ಇಲ್ಲ, ತಮಿಳುನಾಡಿನ ತಿಂಡಿವನಂ ಕಡೆ ಬೆಳಿತಾರೆ, ಅಲ್ಲಿನ ನೀಲಿ ಹೆಂಟೆ ತರಿಸಬಹುದು. ತರಿಸುವಾಗ ಗಿಡದ್ದೇ ಅಂತ ಖಾತ್ರಿ ಮಾಡ್ಕೊಳ್ಳಿ. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಫ್ಯಾಕ್ಟರಿ ನೀಲಿಯನ್ನು ಮಾರ್ಕೆಟಿಗೆ ತಂದ ಮೇಲೆ ಗಿಡದ ನೀಲಿಯ ಬೇಸಾಯವೇ ಬಿದ್ದು ಹೋದದ್ದು, ಎರಡರಲ್ಲಿಯೂ ಬಣ್ಣದ ಅಂಶ ಒಂದೇ ಆದ್ರಿಂದ ಕಣ್ಣಲ್ಲಿ ನೋಡಿದ್ರೆ ಗೊತ್ತಾಗುದಿಲ್ಲ.

ನೀಲಿ ನೀರಲ್ಲಿ ಕರಗುದಿಲ್ಲ, ಪಟಿಕ ಅಳಲೆ ಯಾವುದೂ ಅದಕ್ಕೆ ಬೇಡ, ಆದ್ರೆ ಕುದಿಸಿ ಮೇಣ ತೆಗೆಯುವ ಕೆಲಸ ಬಿಡ್ಲಿಕ್ಕಿಲ್ಲ. ಕ್ರಮ ಹೀಗೆ: ನೀಲಿ ಹುಡಿ ಒಂದು ಪಾಲು, ಸುಣ್ಣ ಎರಡು ಪಾಲು, ಫ್ರಕ್ಟೋಸ್ ಸಕ್ಕರೆ ಮೂರು ಪಾಲು. ಫ್ರಕ್ಟೋಸ್ ಸಿಗದಿದ್ರೆ ಬೆಲ್ಲ ಜಾಸ್ತಿ ಹಾಕಬಹುದು, ಅಥವಾ ಕಪ್ಪಾಗುವಷ್ಟು ಹಣ್ಣಾದ ಬಾಳೆಹಣ್ಣು ಕುದಿಸಿ ಸೋಸಿದ ರಸ. ನಿಧಾನ ಆಗ್ತದೆ, ಆದ್ರೆ ಆಗ್ತದೆ. ನೀಲಿಯನ್ನು ಸ್ವಲ್ಪ ನೀರು ಹಾಕಿ ಚಂದ ಮಾಡಿ ಅರೆದುಕೊಳ್ಳಿ, ಗಂಟು ಇದ್ರೆ ದಂಡ. ಬಿಸಿ ನೀರಿಗೆ ಸಕ್ಕರೆ, ನೀಲಿ, ಕೊನೆಗೆ ಸುಣ್ಣ ಸ್ವಲ್ಪ ಸ್ವಲ್ಪವೇ. ಸುಣ್ಣ ಮಾತ್ರ ಹೊಸತಾಗಿರ್ಬೇಕು, ಡಬ್ಬದಲ್ಲಿ ವರ್ಷಗಟ್ಟಲೆ ಕೂತದ್ದು ಗಾಳಿ ತಾಗಿ ಸೀಮೆಸುಣ್ಣದ ಹಾಗೆ ಸತ್ತಿರ್ತದೆ. ನಮ್ಮಲ್ಲಿ ಚಿಪ್ಪಿ ಸುಣ್ಣ ಸಿಗ್ತದಲ್ಲ, ಮರುವಾಯಿ ಚಿಪ್ಪಿ ಸುಟ್ಟದ್ದು, ಹೊಸದಾಗಿ ಸುಟ್ಟು ನೀರು ಹಾಕಿ ಅರಳಿಸಿದ್ದಾದ್ರೆ ಅದಕ್ಕಿಂತ ಒಳ್ಳೆದು ಬೇಡ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು, ಸುಣ್ಣ ಕಣ್ಣಿಗೆ ಹಾರಿದ್ರೆ ತಮಾಷೆ ಅಲ್ಲ.

ಮುಚ್ಚಿಟ್ಟು ಒಂದೆರಡು ಗಂಟೆ ಬಿಟ್ಟು ನೋಡಿದ್ರೆ ಮೇಲೆ ತಾಮ್ರದ ಹೊಳಪಿನ ಕೆನೆ ಬಂದಿರ್ತದೆ, ಕೆನೆ ಸರಿಸಿದ್ರೆ ಕೆಳಗಿನ ನೀರು ನೀಲಿ ಅಲ್ಲ, ಹಳದಿ ಹಸುರು. ಆಗ ಹಂಡೆ ತಯಾರು ಅಂತ ಲೆಕ್ಕ. ನೀರು ನೀಲಿಯಾಗಿಯೇ ಇದ್ರೆ ಸಕ್ಕರೆಯೋ ಬಿಸಿಯೋ ಸಾಲ್ಲಿಲ್ಲ, ಇನ್ನಷ್ಟು ಕಾಯ್ಬೇಕು. ಒದ್ದೆ ಮಾಡಿ ಹಿಂಡಿದ ಬಟ್ಟೆಯನ್ನು ಗುಳ್ಳೆ ಬರದ ಹಾಗೆ ನಿಧಾನಕ್ಕೆ ಇಳಿಸಿ, ಅಡಿಯ ಸುಣ್ಣದ ಗಸಿ ತಾಗ್ಬಾರದು, ಕೆಲವು ನಿಮಿಷ ಬಿಟ್ಟು ಎತ್ತಿ. ಹಸುರಾಗಿ ಮೇಲೆ ಬಂದ ಬಟ್ಟೆ ಗಾಳಿಗೆ ನಿಮ್ಮ ಕಣ್ಣೆದುರೇ ನೀಲಿ ಆಗ್ತಾ ಹೋಗ್ತದೆ, ಎಷ್ಟು ವರ್ಷ ಮಾಡಿದ್ರೂ ನನಗೆ ಅದನ್ನು ನೋಡಿ ಸಾಕಾಗಿಲ್ಲ. ಗಾಢ ಬೇಕಾದ್ರೆ ಹೊತ್ತು ಜಾಸ್ತಿ ಮುಳುಗಿಸುದಲ್ಲ, ಮತ್ತೆ ಮತ್ತೆ ಅದ್ದಿ ಗಾಳಿಗೆ ಹಿಡಿಯುದು. ಕೊನೆಗೆ ಸ್ವಲ್ಪ ವಿನೆಗರ್ ಹಾಕಿದ ನೀರಲ್ಲಿ ತೊಳೆದು ಸುಣ್ಣ ತೆಗೀರಿ, ಮಕ್ಕಳ ಬಟ್ಟೆಗೆ ಇದನ್ನು ಬಿಡ್ಲೇಬಾರದು, ಸುಣ್ಣ ಉಳಿದ್ರೆ ಮೈ ತುರಿಸ್ತದೆ.

ಹಸುರಿಗೆ ಮೊದಲು ನೀಲಿ ಮಾಡಿ, ತೊಳೆದು, ಆಮೇಲೆ ಅಳಲೆ ಪಟಿಕ, ಆಮೇಲೆ ಹಲಸು. ಈ ಸಾಲು ತಿರುಗಿಸ್ಬೇಡಿ, ಸುಣ್ಣದ ಹಂಡೆಗೆ ಹಾಕಿದ್ರೆ ಮೊದಲು ಮಾಡಿದ ಪಟಿಕದ ಕೆಲಸ ಹಾಳಾಗ್ತದೆ.

ಗುಲಾಬಿಗೆ ಮಂಜಿಷ್ಠ. ಸಪ್ಪಂಗ ಹಾಕಿ ಅಂತಲೂ ಕೆಲವರು ಹೇಳ್ತಾರೆ, ಅದು ಬೇರೆ ಮರ, ಕುಡಿಯುವ ನೀರಿಗೆ ಹಾಕಿ ಗುಲಾಬಿ ಮಾಡ್ತಾರಲ್ಲ ಹೋಟೆಲಲ್ಲಿ, ಆ ಚಕ್ಕೆ. ಬರುವಾಗ ಅದು ಮಂಜಿಷ್ಠಕ್ಕಿಂತ ಚಂದ, ಆದ್ರೆ ಬಿಸಿಲಿಗೆ ತಡಿಯುದು ಕಮ್ಮಿ. ಮಂಜಿಷ್ಠದ ಬೇರನ್ನು ಕುದಿಸ್ಬೇಡಿ, ಬಿಸಿ ಜಾಸ್ತಿ ಆದ್ರೆ ಗುಲಾಬಿ ಹೋಗಿ ಕಂದಿಗೆ ತಿರುಗ್ತದೆ, ಕೈ ಇಡ್ಲಿಕ್ಕೆ ಆಗದಷ್ಟು ಬಿಸಿ ಆದ್ರೆ ಸಾಕು, ಆ ಬಿಸಿಯಲ್ಲೇ ಹೆಚ್ಚು ಹೊತ್ತು ಇಡಿ.

ಬಲ್ಮಠ ಗುಡ್ಡೆ

ಮಂಗ್ಳೂರು ಮತ್ತೆ ಬಟ್ಟೆ ಬಣ್ಣ ಅಂತ ಬಂದದ್ದಕ್ಕೆ ಒಂದು ವಿಷಯ. ಬಾಸೆಲ್ ಮಿಷನ್‌ನವರ ನೇಯ್ಗೆ ಕಾರ್ಖಾನೆ ಇಲ್ಲೇ ಇತ್ತಲ್ಲ, ಅಲ್ಲಿಗೆ 1851ರ ಹೊತ್ತಿಗೆ ಬಂದ ಹಾಲರ್ ಅನ್ನುವ ನೇಕಾರ ಖಾಕಿ ಬಣ್ಣ ತಯಾರು ಮಾಡಿದ ಅಂತ ಊರಲ್ಲಿ ಈಗಲೂ ಹೇಳ್ತಾರೆ. ಪಂಜಾಬ್ ಕಡೆಯ ಬ್ರಿಟಿಷ್ ಸೈನ್ಯದ ಗೈಡ್ಸ್ ದಳದವರು 1840ರ ದಶಕದಲ್ಲೇ ಮಣ್ಣು ಬಣ್ಣದ ಬಟ್ಟೆ ಹಾಕ್ತಿದ್ರು, ಹಾಗಾಗಿ ಮೊದಲ ಖಾಕಿ ಮಂಗ್ಳೂರಿಂದೇ ಅಂತ ಪಂಥ ಕಟ್ಲಿಕ್ಕೆ ನಾನು ಬರುದಿಲ್ಲ, ಆದ್ರೆ ಒಗೆದ್ರೂ ಹೋಗದ ಖಾಕಿಯನ್ನು ಇಲ್ಲಿ ನೇಯ್ದು ಮಾರಿದ್ದಕ್ಕೆ ನಮ್ಮ ಊರಿಗೆ ಹೆಸರು ಉಂಟು. ಕರಾವಳಿಯಲ್ಲಿ ಅಷ್ಟು ದೊಡ್ಡ ಬಣ್ಣದ ಕೆಲಸ ನಡೆದಿತ್ತು ಅನ್ನುದು ಈಗಿನ ಮಕ್ಕಳಿಗೆ ಗೊತ್ತಾಗ್ಬೇಕು.

ಕಿನ್ನಿಗೋಳಿ ಲಾಳಿ

ನೀಲಿ ಹಂಡೆಯವರು ಬರೆದದ್ದು ಭಾರೀ ಚಂದ ಆಯ್ತು. ಅಕ್ಕ, ಬಟ್ಟೆ ಎಲ್ಲಿಂದ ತಗೊಳ್ತೀರಿ ಅಂತ ನೀವು ಹೇಳ್ಲಿಲ್ಲ. ನಮ್ಮ ಉಡುಪಿ ಸೀರೆಗೆ ಜಿಐ, ಅಂದ್ರೆ ಇದು ಈ ಊರಿನದ್ದೇ ಅನ್ನುವ ಭೌಗೋಳಿಕ ಗುರುತು, ಸಿಕ್ಕಿ ಉಂಟು, ಆದ್ರೆ ನೇಯುವವರು ಬೆರಳೆಣಿಕೆಗೆ ಬಂದಿದ್ರು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ, ಕಾರ್ಕಳದ ಕದಿಕೆ ಟ್ರಸ್ಟ್ ಸೇರಿ ಮತ್ತೆ ಮಗ್ಗ ಎಬ್ಬಿಸಿದ್ದಾರೆ, ಗಿಡದ ಬಣ್ಣದ ಸೀರೆಯೂ ಮಾಡ್ತಾರೆ. ಬಿಳಿ ಬಟ್ಟೆ ಹೊರಗಿನಿಂದ ತರಿಸುವ ಮೊದಲು ಅಲ್ಲಿ ಒಂದು ಮಾತು ಕೇಳಿ. ನಿಮ್ಮ ಬಣ್ಣಕ್ಕೆ ನಮ್ಮ ನೂಲೇ ಆದ್ರೆ ಎರಡು ಮನೆಗೆ ಕೆಲಸ.

ಮಾರುವ ಮೊದಲು ಒಂದು ಪರೀಕ್ಷೆ ಖಂಡಿತ ಮಾಡಿ. ಪ್ರತಿ ಬಣ್ಣದಿಂದ ಎರಡು ತುಂಡು ಕತ್ತರಿಸಿ, ಒಂದನ್ನು ಅರ್ಧ ರಟ್ಟಿನಿಂದ ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಎರಡು ವಾರ ಅಂಟಿಸಿಡಿ, ಇನ್ನೊಂದನ್ನು ಬಿಳಿ ಬಟ್ಟೆಗೆ ಹೊಲಿದು ಮನೆಯಲ್ಲಿ ಹೇಗೆ ಒಗೆಯುತ್ತೀರೋ ಹಾಗೆಯೇ ಒಗೆಯಿರಿ. ರಟ್ಟು ತೆಗೆದಾಗ ಮಧ್ಯದಲ್ಲಿ ಗೆರೆ ಕಂಡ್ರೆ ಆ ಬಣ್ಣ ಬಿಸಿಲಿಗೆ ತಡಿಯುದಿಲ್ಲ, ಬಿಳಿ ಬಟ್ಟೆಗೆ ಹತ್ತಿದ್ರೆ ಸರಿಯಾಗಿ ಕೂತಿಲ್ಲ. ಎರಡೂ ಪಾಸ್ ಆದದ್ದನ್ನು ಮಾತ್ರ ಮಾರಿ. ತಗೊಂಡವರಿಗೆ ಚೀಟಿ ಬರೆದು ಕೊಡಿ, ಅಂಟುವಾಳ ಅಥವಾ ಸೌಮ್ಯ ಸೋಪು, ನೆರಳಲ್ಲಿ ಒಣಗಿಸುದು, ಲಿಂಬೆ ಹುಳಿ ತಾಗಿಸ್ಬೇಡಿ ಅಂತ. ದಾಳಿಂಬೆ ಹಳದಿಗೆ ಹುಳಿ ತಾಗಿದಲ್ಲಿ ಚುಕ್ಕೆ ಬೀಳ್ತದೆ.

ಬ್ರಹ್ಮಾವರದ ಹೊಲಿಗೆ

ಕಿನ್ನಿಗೋಳಿಗೆ ಈ ಶನಿವಾರವೇ ಹೋಗಿ ಬರ್ತೇನೆ ಅಣ್ಣ, ನಾದಿನಿಯೂ ಬರ್ತಾಳೆ. ಮೈಲುತುತ್ತು ಮಾವನ ಅಡಿಕೆ ಮರಕ್ಕೇ ಇರ್ಲಿ. ಮೊದಲು ಹಲಸು, ದಾಳಿಂಬೆ, ಗೇರು ಸಿಪ್ಪೆ, ಈ ಮೂರು ಮಾತ್ರ ಮಾಡಿ ಕಿಟಕಿಗೆ ತುಂಡು ಕಟ್ಟುದು. ನೀಲಿ ಹಂಡೆಯವರೇ, ಒಂದೇ ಸಂಶಯ ಉಳಿದದ್ದು: ಆಟಿಯಲ್ಲಿ ಇಷ್ಟು ಥಂಡಿ ಇರುವಾಗ ಹಂಡೆಯ ಬಿಸಿ ನಿಲ್ತದಾ, ಇಲ್ಲ ಮಳೆ ಮುಗಿಯುವವರೆಗೆ ಕಾಯ್ಬೇಕಾ?

ನೀಲಿ ಹಂಡೆ, ಮಂಗ್ಳೂರು

ಕಾಯ್ಬೇಕಾಗಿಲ್ಲ. ಹಂಡೆಯನ್ನು ಬಚ್ಚಲೊಲೆಯ ಬದಿಗೆ ಇಟ್ಟು ಗೋಣಿ ಸುತ್ತಿ, ಅಷ್ಟು ಬಿಸಿ ಸಾಕು. ಹೊಗೆ ಮಾತ್ರ ಬಟ್ಟೆಗೆ ತಾಗದ ಹಾಗೆ ನೋಡಿ. ಬಿಸಿ ಇಳಿದ್ರೆ ಬದಿಯಿಂದ ಒಂದು ಚೆಂಬು ಬಿಸಿನೀರು ಮೆಲ್ಲ ಹೊಯ್ದು ಕಲಸಿ ಮುಚ್ಚಿಡಿ. ಆಟಿಯಲ್ಲಿ ಒಣಗಿಸುದೇ ಕಷ್ಟ, ಫ್ಯಾನ್ ಅಡಿಯಲ್ಲಿ ಹಗ್ಗ ಕಟ್ಟಿ ಬಿಡಿಸಿ ಹಾಕಿ, ಮಡಿಚಿ ಹಾಕಿದ್ರೆ ಒದ್ದೆ ಉಳಿದಲ್ಲಿ ಕರಿ ಚುಕ್ಕೆ ಬರ್ತದೆ.